ಥೈರಾಯ್ಡ್ ಗುಳಿಗೆ ಜೊತೆ ನಾಲ್ಕು ಡಬ್ಬಿ: ಯಾವುದು ಉಳಿಯಿತು, ಯಾವುದು ಅಟ್ಟ ಸೇರಿತು

ಸ್ನಾಯುವಿಗೆ ಬಲ ಬರಲಿ ಅಂತ ಥೈರಾಯ್ಡ್ ಗುಳಿಗೆಯ ಜೊತೆ ಒಂದೊಂದಾಗಿ ನಾಲ್ಕು ಸಪ್ಲಿಮೆಂಟ್ ಡಬ್ಬಿ ತಂದು ನೋಡಿದೆ. ಗೆದ್ದಿದ್ದು ಹಾಲಿನಿಂದ ಮಾಡುವ ಸಾದಾ ವೇ ಪ್ರೋಟೀನ್. ಅದೂ ಸಂಜೆ ಹೊತ್ತು, ಮಜ್ಜಿಗೆಯಲ್ಲಿ ಕಲಸಿಕೊಂಡು. ಚಾಕೊಲೇಟ್ ಫ್ಲೇವರ್ ಬೇಡ, ಮಾವಿನಹಣ್ಣಿನದೂ ಬೇಡ, ವಿಟಮಿನ್ ಸೇರಿಸಿದ್ದಂತೂ ಬೇಡವೇ ಬೇಡ. ಎರಡನೇ ಸ್ಥಾನ ಕ್ರಿಯಾಟಿನ್‌ಗೆ. ಬಿಸಿಎಎಗೂ ಎಲ್-ಕಾರ್ನಿಟಿನ್‌ಗೂ ನಮ್ಮ ಮನೆಯಲ್ಲಿ ಇನ್ನು ಜಾಗವಿಲ್ಲ. ಆತುರ ಇರುವವರು ಇಷ್ಟು ಓದಿ ಹೋಗಬಹುದು. ಆದರೆ ನೀವು ಥೈರಾಯ್ಡ್ ಗುಳಿಗೆ ನುಂಗುವವರಾಗಿದ್ದು, ಜೊತೆಗೆ ಕೂದಲು ಉದುರುತ್ತದೆ ಅಂತ ಇನ್ನೇನಾದರೂ ತಿನ್ನುತ್ತಿದ್ದರೆ ಬಿಸಿಎಎ ಕಥೆಯವರೆಗಾದರೂ ಓದಿ. ಅಲ್ಲಿ ನಾನು ನಾಲ್ಕೈದು ತಿಂಗಳು ಕಳೆದುಕೊಂಡಿದ್ದೇನೆ.

ನನ್ನ ವಿಷಯ ಸ್ವಲ್ಪ. ಊರು ಮೈಸೂರು, ವಯಸ್ಸು 41, ಕೆಲಸ ಶಾಲೆಯಲ್ಲಿ ಪಾಠ. ಮನೆಯಲ್ಲಿ ಮೊಟ್ಟೆ ಕೂಡ ಇಲ್ಲ. 2022ರಲ್ಲಿ ನನಗೆ ಥೈರಾಯ್ಡ್ ಇದೆ ಅಂತ ಗೊತ್ತಾಯಿತು. ಥೈರಾಯ್ಡ್ ಎಲ್ಲರಿಗೂ ಇರುತ್ತದೆ, ನನ್ನದು ಕೆಲಸ ಮಾಡುತ್ತಿರಲಿಲ್ಲ ಅಷ್ಟೇ, ಆದರೆ ನಮ್ಮ ಕಡೆ ಹೇಳುವುದೇ ಹಾಗೆ ಅಲ್ವಾ. ಟಿಎಸ್‌ಎಚ್, ಅಂದರೆ ಥೈರಾಯ್ಡ್ ಕೆಲಸ ಕಮ್ಮಿಯಾದಷ್ಟೂ ರಕ್ತದಲ್ಲಿ ಏರುವ ಹಾರ್ಮೋನ್, 38 ಇತ್ತು. ಸ್ನಾಯುವಿನ ಟೆಸ್ಟ್ ಸಿಪಿಕೆ ಕೂಡ ಜಾಸ್ತಿ ಬಂದಿತ್ತು. ಡಾಕ್ಟರು ನನ್ನ ಕಾಲಿನ ಹಿಮ್ಮಡಿ ಮೇಲೆ, ಸ್ನಾಯುವನ್ನು ಮೂಳೆಗೆ ಕಟ್ಟುವ ಆ ದಪ್ಪ ಹುರಿಯ ಹತ್ತಿರ, ಪುಟ್ಟ ಸುತ್ತಿಗೆಯಿಂದ ತಟ್ಟಿದರು. ಪಾದ ಸರಕ್ಕನೆ ಕೆಳಗೆ ಹೋಯಿತು. ವಾಪಸ್ ಬರುವಾಗ ಮಾತ್ರ ಎಣ್ಣೆ ಕಾಣದ ಬಾಗಿಲಿನ ಹಾಗೆ ನಿಧಾನಕ್ಕೆ ಬಂತು. "ನೋಡಿ, ಸ್ನಾಯು ಹಿಡಿಯುತ್ತೆ, ಬಿಡೋದು ನಿಧಾನ," ಅಂದರು. ನನಗೆ ವರ್ಷದಿಂದ ಮೆಟ್ಟಿಲು ಹತ್ತುವಾಗ ಆಗುತ್ತಿದ್ದದ್ದೂ ಅದೇ. ತೊಡೆಗೆ ಒದ್ದೆ ಟವಲ್ ಬಿಗಿಯಾಗಿ ಸುತ್ತಿದ ಹಾಗೆ.

ನನ್ನದು ಹಾಶಿಮೊಟೊ. 1912ರಲ್ಲಿ ಹಕಾರು ಹಾಶಿಮೊಟೊ ಅನ್ನುವ ಜಪಾನಿ ವೈದ್ಯರು ಮೊದಲು ವಿವರಿಸಿ ಬರೆದ ಕಾಯಿಲೆ, ದೇಹವೇ ತನ್ನ ಗ್ರಂಥಿಯನ್ನು ಹಾಳುಮಾಡಿಕೊಳ್ಳುತ್ತದೆ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 100 ಮೈಕ್ರೋಗ್ರಾಂ ಗುಳಿಗೆ. ಒಂದು ವರ್ಷದಲ್ಲಿ ಟಿಎಸ್‌ಎಚ್ 2, 3ರ ಹತ್ತಿರ ಬಂದು ನಿಂತಿತು. ಮುಖದ ಊತ ಇಳಿಯಿತು, ಸ್ವರ ಸರಿಹೋಯಿತು. ಆದರೆ ಮೆಟ್ಟಿಲು ಮಾತ್ರ ಪೂರ್ತಿ ವಾಪಸ್ ಬರಲಿಲ್ಲ.

ಮೆಟ್ಟಿಲು ಅಂದರೆ ಚಾಮುಂಡಿ ಬೆಟ್ಟದ್ದು. ಹೋಲಿಕೆಗೆ ನಾನು ಬಳಸಿದ ಅಳತೆ ಕೂಡ ಅದೇ, ಬುಡದಿಂದ ನಂದಿಯವರೆಗೆ. ಒಟ್ಟು ಸಾವಿರ ಮೆಟ್ಟಿಲಿನಲ್ಲಿ ನಂದಿ ಇರುವುದು ಸುಮಾರು 700ನೆಯದರ ಹತ್ತಿರ. ದೊಡ್ಡ ದೇವರಾಜ ಒಡೆಯರ್ ಕಾಲದಿಂದ, ಅಂದರೆ 17ನೇ ಶತಮಾನದಿಂದ ಜನ ಹತ್ತುತ್ತಿರುವ ದಾರಿ. ಪ್ರತಿ ಭಾನುವಾರ ಬೆಳಿಗ್ಗೆ ಫೋನಿನ ಸ್ಟಾಪ್‌ವಾಚ್ ಒತ್ತಿ ಹೊರಡುತ್ತಿದ್ದೆ. ಶುರುವಿನಲ್ಲಿ 34 ನಿಮಿಷ, ಐದು ಸಲ ಕೂತು. ಹರಕೆ ಹೊತ್ತ ಹೆಂಗಸರು ಒಂದೊಂದೇ ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುತ್ತಾ ಹೋಗುತ್ತಾರಲ್ಲ, ಅವರನ್ನು ಭಕ್ತಿಯಿಂದ ನೋಡುವ ನೆಪದಲ್ಲಿ ನಿಂತು ಉಸಿರು ಎಳೆದುಕೊಳ್ಳುತ್ತಿದ್ದೆ. ಎಷ್ಟೋ ಸಲ ಅವರೇ ನನ್ನನ್ನು ದಾಟಿ ಮುಂದೆ ಹೋದದ್ದೂ ಇದೆ, ಬಗ್ಗಿ ಎದ್ದು ಬಗ್ಗಿ ಎದ್ದು.

ಹಾಗಾಗಿ ಡಬ್ಬಿ ಹುಡುಕಲು ಶುರುಮಾಡಿದೆ.

ಮೊದಲು ಬಂದದ್ದು ಬಿಸಿಎಎ, 2023ರ ಸೆಪ್ಟೆಂಬರ್‌ನಲ್ಲಿ. ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಅನ್ನುವ ಮೂರು ಅಮೈನೋ ಆಸಿಡ್‌ಗಳ (ಪ್ರೋಟೀನಿನ ಬಿಡಿ ತುಂಡುಗಳು) ಪುಡಿ, 2:1:1 ಲೆಕ್ಕದಲ್ಲಿ. 250 ಗ್ರಾಂಗೆ 1,199 ರೂಪಾಯಿ ಕೊಟ್ಟೆ. ಬಣ್ಣ ನೀಲಿ, ರುಚಿ ಹುಳಿ ಪೆಪ್ಪರ್‌ಮೆಂಟಿನದು. ಕುಡಿದ ಮೇಲೆ ನಾಲಿಗೆಯೂ ನೀಲಿ, ಮೊದಲ ಪೀರಿಯಡ್‌ನಲ್ಲಿ ಮಕ್ಕಳು ಮುಸಿಮುಸಿ ನಗುತ್ತಿದ್ದರು. ಎಂಟು ವಾರ ಕುಡಿದ ಮೇಲೂ ನಂದಿ ತಲುಪಲು 33 ನಿಮಿಷ. ಆಗ ನನ್ನ ಗುಳಿಗೆಯ ಡೋಸು ಸರಿಯಾಗಿಯೇ ಇತ್ತು, ಹಾಗಾಗಿ ಈ ಒಂದು ನಿಮಿಷವನ್ನು ಪುಡಿಯ ಸಾಧನೆ ಅಂತ ನಾನು ಒಪ್ಪುವುದಿಲ್ಲ. ಅವತ್ತು ಮೋಡ ಇತ್ತು.

ಅದು ಯಾಕೆ ಕೆಲಸ ಮಾಡಲಿಲ್ಲ ಅನ್ನುವುದು ಆಮೇಲೆ ಅರ್ಥವಾಯಿತು. ದೇಹ ತಾನೇ ತಯಾರಿಸಿಕೊಳ್ಳಲಾಗದ ಅಮೈನೋ ಆಸಿಡ್‌ಗಳು ಒಂಬತ್ತು. ಬಿಸಿಎಎಯಲ್ಲಿ ಇರುವುದು ಅದರಲ್ಲಿ ಮೂರು. ಸ್ನಾಯು ಕಟ್ಟಬೇಕಾದರೆ ಒಂಬತ್ತೂ ಬೇಕು. ಮೂರೇ ಮೂರನ್ನು ಎಷ್ಟು ಸುರಿದರೂ ಉಳಿದ ಆರು ಊಟದಿಂದಲೇ ಬರಬೇಕು. ನನ್ನ ಊಟದಲ್ಲಿ ಪ್ರೋಟೀನೇ ಕಮ್ಮಿ ಇತ್ತು. ಮೇಸ್ತ್ರಿ ಬಂದಿದ್ದಾನೆ, ಸಿಮೆಂಟ್ ಬಂದಿದೆ, ಇಟ್ಟಿಗೆ ಇಲ್ಲ.

ಇಷ್ಟೇ ಆಗಿದ್ದರೆ 1,199 ರೂಪಾಯಿ ನೀರಿಗೆ ಹೋಯಿತು ಅಂತ ಸುಮ್ನೆ ಇರುತ್ತಿದ್ದೆ. ಸಮಸ್ಯೆ ಬಂದದ್ದು ಪುಡಿಯಿಂದ ಅಲ್ಲ, ಅದರ ಜೊತೆ ಫ್ರೀ ಬಂದ ಬಾಟಲಿಯಿಂದ.

ಕಾಂಬೋ ಆಫರ್. ಬಿಸಿಎಎ ಕೊಂಡರೆ ಕೂದಲು ಮತ್ತು ಉಗುರಿಗೆ ಅಂತ ಬಯೋಟಿನ್ ಗುಳಿಗೆ ಉಚಿತ, ಒಂದು ಗುಳಿಗೆಯಲ್ಲಿ 10,000 ಮೈಕ್ರೋಗ್ರಾಂ. ಥೈರಾಯ್ಡ್ ಇರುವ ಹೆಂಗಸಿಗೆ ಇದಕ್ಕಿಂತ ದೊಡ್ಡ ಆಸೆ ಇನ್ನೇನಿದೆ ಹೇಳಿ. ಬಾಚಣಿಗೆಯಲ್ಲಿ ದಿನಾ ಒಂದು ಉಂಡೆ ಕೂದಲು ನೋಡಿ ನೋಡಿ ಸಾಕಾಗಿತ್ತು. ಬಯೋಟಿನ್ ಒಂದು ಬಿ ವಿಟಮಿನ್, ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತದೆ, ಏನೂ ತೊಂದರೆ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ಅದು ಬಹುಮಟ್ಟಿಗೆ ನಿಜ ಕೂಡ. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 30 ಮೈಕ್ರೋಗ್ರಾಂ. ನಾನು ನುಂಗುತ್ತಿದ್ದದ್ದು ಅದರ 300 ಪಟ್ಟಿಗಿಂತ ಹೆಚ್ಚು. ಸರಿ, ಹೋಗಲಿ ಬಿಡಿ ಮೂತ್ರದಲ್ಲಿ, ಅಂದುಕೊಂಡೆ.

ನವೆಂಬರ್‌ನಲ್ಲಿ ಮಾಮೂಲಿ ಥೈರಾಯ್ಡ್ ಟೆಸ್ಟ್. ಟಿಎಸ್‌ಎಚ್ 0.09. ಫ್ರೀ ಟಿ4, ಅಂದರೆ ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನ್, ಮೇಲಿನ ಗೆರೆ ದಾಟಿತ್ತು. ರಿಪೋರ್ಟಿನಲ್ಲಿ ಎರಡೂ ದಪ್ಪ ಅಕ್ಷರದಲ್ಲಿ. ಓದಿದರೆ ಒಂದೇ ಅರ್ಥ, ಗುಳಿಗೆ ಜಾಸ್ತಿಯಾಗಿದೆ. ನನಗೆ ಕೈ ನಡುಕ ಇಲ್ಲ, ಎದೆ ಡವಡವ ಇಲ್ಲ, ತೂಕ ಇಳಿದಿಲ್ಲ, ಆದರೂ ಕಾಗದದಲ್ಲಿ ಬಂದದ್ದನ್ನು ಯಾರು ಬೇಡ ಅನ್ನುತ್ತಾರೆ? ಡೋಸು 100ರಿಂದ 75ಕ್ಕೆ ಇಳಿಯಿತು. ಡಾಕ್ಟರ ತಪ್ಪು ಅಂತ ನಾನು ಹೇಳುವುದಿಲ್ಲ. "ಬೇರೆ ಏನಾದರೂ ತಗೋತಿದ್ದೀರಾ" ಅಂತ ಕೇಳಿದ್ದರು, ನಾನು ಇಲ್ಲ ಅಂದಿದ್ದೆ. ವಿಟಮಿನ್ನು ಔಷಧಿಯೇ ಅಲ್ಲ ಅನ್ನುವ ಲೆಕ್ಕ ನನ್ನದು. ಬಿಸಿಎಎ ಡಬ್ಬಿಯ ಮೇಲಂತೂ ಔಷಧಿಯಾಗಿ ಬಳಸಲು ಅಲ್ಲ ಅಂತ ಬರೆದೇ ಇತ್ತು.

ಡಿಸೆಂಬರ್ ಹೊತ್ತಿಗೆ ನನ್ನ ಕಥೆ ಮುಗಿದಿತ್ತು. ಬೆಟ್ಟದಲ್ಲಿ ಇನ್ನೂರನೇ ಮೆಟ್ಟಿಲಿಗೆ ಕೂತೆ. ಕೂತವಳು ಹತ್ತು ನಿಮಿಷ ಏಳಲಿಲ್ಲ. ಸ್ವೆಟರ್ ಹಾಕಿಕೊಂಡು ಮಧ್ಯಾಹ್ನ ಪಾಠ ಮಾಡುತ್ತಿದ್ದೆ, ಮೈಸೂರಿನ ಡಿಸೆಂಬರ್ ಚಳಿ ಮಧ್ಯಾಹ್ನಕ್ಕೆ ಇರುತ್ತಾ? ಹಳೆ ಒದ್ದೆ ಟವಲ್ ಮತ್ತೆ ತೊಡೆಗೆ ಬಂದಿತ್ತು. ಬಿಸಿಎಎ ಸಾಲದು ಅಂತ ಒಂದು ಸ್ಕೂಪ್ ಇದ್ದದ್ದನ್ನು ಎರಡು ಮಾಡಿದೆ, ನೋಡಿ ಬುದ್ಧಿ! ತಿಂಗಳ ಕೊನೆಗೆ ಬಯೋಟಿನ್ ಬಾಟಲಿ ತಾನಾಗಿಯೇ ಖಾಲಿಯಾಯಿತು. ಜನವರಿ ಕೊನೆಯಲ್ಲಿ ಮತ್ತೆ ಟೆಸ್ಟ್. ಈ ಸಲ ಟಿಎಸ್‌ಎಚ್ 12.4.

0.09ರಿಂದ 12.4ಕ್ಕೆ, ಕೇವಲ 25 ಮೈಕ್ರೋಗ್ರಾಂ ಕಮ್ಮಿ ಮಾಡಿದ್ದಕ್ಕೆ! ಲ್ಯಾಬು ತಪ್ಪು ಮಾಡಿದೆ ಅಂತ ನನ್ನ ಗಂಡ, ಗುಳಿಗೆ ಡೂಪ್ಲಿಕೇಟ್ ಅಂತ ನನ್ನ ತಮ್ಮ. ಕೊನೆಗೆ ಇನ್ನೊಬ್ಬ ಡಾಕ್ಟರು, ಹಾರ್ಮೋನ್ ತಜ್ಞರು, ಎರಡೂ ರಿಪೋರ್ಟ್ ಪಕ್ಕಪಕ್ಕ ಇಟ್ಟು ನೋಡಿ, ನನ್ನ ಮುಖ ನೋಡದೆ ನನ್ನ ನೆತ್ತಿ ನೋಡಿದರು. "ಕೂದಲಿಗೆ ಏನು ತಗೋತಿದ್ರಿ?"

ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಹಲವು ಲ್ಯಾಬ್ ಮಷೀನುಗಳಲ್ಲಿ ಹಾರ್ಮೋನ್ ಅಳೆಯಲು ಒಂದು ಅಂಟು ಬಳಸುತ್ತಾರೆ. ಒಂದು ಕಡೆ ಸ್ಟ್ರೆಪ್ಟಾವಿಡಿನ್ ಅನ್ನುವ ಪ್ರೋಟೀನ್, ಇನ್ನೊಂದು ಕಡೆ ಬಯೋಟಿನ್. ಇವೆರಡೂ ಸೇರಿದರೆ ಬಿಡಿಸುವುದು ಕಷ್ಟ, ಅಷ್ಟು ಗಟ್ಟಿ. ಟೆಸ್ಟಿನ ಆಂಟಿಬಾಡಿಗೆ ಬಯೋಟಿನ್ ಬಾಲ ಕಟ್ಟಿರುತ್ತಾರೆ, ಅದು ಹೋಗಿ ಸ್ಟ್ರೆಪ್ಟಾವಿಡಿನ್ ಮೇಲೆ ಕೂರಬೇಕು, ಆಗ ಮಷೀನಿಗೆ ಸಿಗ್ನಲ್ ಸಿಗುತ್ತದೆ. ಈಗ ನಮ್ಮ ರಕ್ತದಲ್ಲೇ ರಾಶಿ ಬಯೋಟಿನ್ ಇದ್ದರೆ? ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ. ನಿಜವಾದ ಪ್ರಯಾಣಿಕ ಹತ್ತುವಷ್ಟರಲ್ಲಿ ಎಲ್ಲ ಸೀಟಿನ ಮೇಲೂ ಟವಲ್. ಸಿಗ್ನಲ್ ಇಲ್ಲ.

ಮಜಾ ಇರುವುದು ಮುಂದೆ. ಟಿಎಸ್‌ಎಚ್ ಟೆಸ್ಟಿನಲ್ಲಿ ಸಿಗ್ನಲ್ ಕಮ್ಮಿ ಅಂದರೆ ಹಾರ್ಮೋನ್ ಕಮ್ಮಿ ಅಂತ ಓದುತ್ತಾರೆ. ಫ್ರೀ ಟಿ4 ಟೆಸ್ಟ್ ನಡೆಯುವುದು ಉಲ್ಟಾ, ಅಲ್ಲಿ ಸಿಗ್ನಲ್ ಕಮ್ಮಿ ಅಂದರೆ ಹಾರ್ಮೋನ್ ಜಾಸ್ತಿ. ಹೀಗೆ ಒಂದೇ ಟವಲ್ ಎರಡು ಕಡೆ ಎರಡು ಸುಳ್ಳು ಹೇಳಿಸುತ್ತದೆ, ಆ ಎರಡು ಸುಳ್ಳೂ ಒಂದಕ್ಕೊಂದು ಸಾಕ್ಷಿ ಹೇಳುತ್ತವೆ. ಯಾವ ಡಾಕ್ಟರಾದರೂ ನಂಬುತ್ತಾರೆ. ಎಲ್ಲ ಲ್ಯಾಬಿನಲ್ಲೂ ಈ ವಿಧಾನ ಇಲ್ಲ, ಕೆಲವು ಕಡೆ ಬಯೋಟಿನ್ ತಿಂದು ಹೋದರೂ ಸರಿಯಾದ ಉತ್ತರವೇ ಬರುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಅಲ್ಲಿನ ಥೈರಾಯ್ಡ್ ಅಸೋಸಿಯೇಷನ್ ಟೆಸ್ಟಿಗೆ ಕನಿಷ್ಠ ಎರಡು ದಿನ ಮೊದಲು ಬಯೋಟಿನ್ ನಿಲ್ಲಿಸಿ ಅನ್ನುತ್ತದೆ. ನನ್ನ ಫ್ರೀ ಬಾಟಲಿಯ ಮೇಲೆ ಇದರ ಒಂದು ಸಾಲೂ ಇರಲಿಲ್ಲ. ಕೂದಲು ಉದ್ದ ಇರುವ ಹುಡುಗಿಯ ಚಿತ್ರ ಇತ್ತು.

ಅಂದರೆ ನವೆಂಬರ್ ರಿಪೋರ್ಟೇ ಸುಳ್ಳು, ಮೊದಲಿನ ಡೋಸೇ ಸರಿಯಿತ್ತು. ಡೋಸು ಮತ್ತೆ 100 ಆಯಿತು. ಗುಳಿಗೆಯಲ್ಲಿರುವ ಟಿ4 ದೇಹದಲ್ಲಿ ಅರ್ಧಕ್ಕೆ ಇಳಿಯಲೇ ಒಂದು ವಾರ ಬೇಕು, ಅಷ್ಟು ನಿಧಾನದ ಹಾರ್ಮೋನ್ ಅದು, ಅದಕ್ಕೇ ಡೋಸು ಬದಲಿಸಿದ ಮೇಲೆ ಆರರಿಂದ ಎಂಟು ವಾರ ಕಾದು ಟೆಸ್ಟ್ ಮಾಡಿಸುತ್ತಾರೆ. 2024ರ ಏಪ್ರಿಲ್‌ನಲ್ಲಿ ಟಿಎಸ್‌ಎಚ್ 2.8. ನಂದಿಗೆ ಮತ್ತೆ 34 ನಿಮಿಷ, ಅಂದರೆ ಹೊರಟ ಜಾಗಕ್ಕೇ ವಾಪಸ್. ಬಿಸಿಎಎ ಡಬ್ಬಿ ತೊಳೆದು ಅಮ್ಮ ಹುರುಳಿಕಾಳು ತುಂಬಿದ್ದಾರೆ. ಡಬ್ಬಿ ಒಳ್ಳೆಯದು, ಮುಚ್ಚಳ ಬಿಗಿಯಾಗಿ ಕೂರುತ್ತದೆ.

ಎರಡನೆಯದು ಎಲ್-ಕಾರ್ನಿಟಿನ್, ಮೇ ತಿಂಗಳಿಂದ ಆರು ವಾರ. ಜಿಮ್ಮಿನ ಹುಡುಗ ಕೊಡಿಸಿದ್ದು, ಕೊಬ್ಬು ಕರಗಿಸುತ್ತದೆ, ಸ್ಟ್ಯಾಮಿನಾ ಬರುತ್ತದೆ ಅಂತ. 450 ಎಂಎಲ್ ಸಿರಪ್ಪಿಗೆ 900 ರೂಪಾಯಿ. ಲೈಸಿನ್ ಮತ್ತು ಮೆಥಿಯೋನಿನ್ ಅನ್ನುವ ಎರಡು ಅಮೈನೋ ಆಸಿಡ್‌ಗಳಿಂದ ದೇಹವೇ ಇದನ್ನು ಮಾಡಿಕೊಳ್ಳುತ್ತದೆ, ಕೊಬ್ಬನ್ನು ಜೀವಕೋಶದ ಒಲೆಗೆ ಹೊತ್ತು ಹಾಕುವುದು ಇದರ ಕೆಲಸ. ಕೇಳಲು ಚೆನ್ನಾಗಿದೆ. ನಂದಿಗೆ 35 ನಿಮಿಷ. ಬೇಸಿಗೆ ಬಿಸಿಲಿನ ಪಾಲೂ ಅದರಲ್ಲಿ ಇದೆ, ಒಪ್ಪುತ್ತೇನೆ. ಆದರೆ ಬೆವರಿಗೆ ಮೀನಿನ ವಾಸನೆ ಬಂತು. ಇದು ಕಾರ್ನಿಟಿನ್‌ನ ಗೊತ್ತಿರುವ ಗುಣವೇ ಅಂತೆ. ಮೊಟ್ಟೆಯನ್ನೂ ಒಳಗೆ ಬಿಡದ ಮನೆಯಲ್ಲಿ ಈ ವಾಸನೆಯನ್ನು ಹೇಗೆ ವಿವರಿಸುವುದು ಅನ್ನುವುದು ನಿಮಗೇ ಬಿಟ್ಟದ್ದು.

ಆಮೇಲೆ ಗೊತ್ತಾದದ್ದು, ಇದು ನಮ್ಮಂಥವರಿಗೆ ತಲೆಕೆಳಗಾದ ಆಯ್ಕೆ. ಥೈರಾಯ್ಡ್ ಹಾರ್ಮೋನ್ ಕೆಲಸ ಮಾಡಬೇಕಾದರೆ ಜೀವಕೋಶದ ನ್ಯೂಕ್ಲಿಯಸ್ ಒಳಗೆ ಹೋಗಬೇಕು, ಕಾರ್ನಿಟಿನ್ ಆ ಬಾಗಿಲಿಗೇ ಅಡ್ಡ ನಿಲ್ಲುತ್ತದೆ. 2001ರಲ್ಲಿ ಇಟಲಿಯ ಸಾಲ್ವತೋರೆ ಬೆನ್ವೆಂಗಾ ಮತ್ತು ಜೊತೆಯವರು ಪ್ರಕಟಿಸಿದ ಅಧ್ಯಯನ ಇದರ ಪರಿಣಾಮವನ್ನು ರೋಗಿಗಳಲ್ಲಿ ತೋರಿಸಿತು. ಚಿಕಿತ್ಸೆಗಾಗಿ ಥೈರಾಯ್ಡ್ ಗುಳಿಗೆಯನ್ನು ಬೇಕೆಂದೇ ಹೆಚ್ಚು ಡೋಸಿನಲ್ಲಿ ತೆಗೆದುಕೊಳ್ಳುತ್ತಿದ್ದ 50 ಮಹಿಳೆಯರಲ್ಲಿ ಹೆಚ್ಚಿನವರಿಗೆ ದಿನಕ್ಕೆ 2 ಅಥವಾ 4 ಗ್ರಾಂ ಕಾರ್ನಿಟಿನ್ ಕೊಟ್ಟು ನೋಡಿದರು, ಹಾರ್ಮೋನ್ ಹೆಚ್ಚಾದಾಗ ಆಗುವ ತೊಂದರೆಗಳು ಕಮ್ಮಿಯಾದವು. ಅಂದರೆ ಥೈರಾಯ್ಡ್ ಜಾಸ್ತಿ ಇರುವವರಿಗೆ ಇದರಲ್ಲಿ ಅರ್ಥ ಇದೆ. ನನ್ನ ಚಿಕ್ಕಮ್ಮನ ಮಗಳಿಗೆ ಗ್ರೇವ್ಸ್, ನನ್ನದಕ್ಕೆ ಪೂರ್ತಿ ಉಲ್ಟಾ. ಕೂತರೂ ಹೃದಯ ನಿಮಿಷಕ್ಕೆ 110 ಸಲ ಬಡಿಯುತ್ತಿತ್ತು, ತಿಂದಷ್ಟೂ ಸ್ನಾಯು ಕರಗುತ್ತಿತ್ತು, ನೆಲದ ಮೇಲೆ ಕೂತರೆ ಕೈ ಊರದೆ ಏಳಲಾಗುತ್ತಿರಲಿಲ್ಲ. ಅವಳ ಡಾಕ್ಟರು ಥೈರಾಯ್ಡ್ ತಗ್ಗಿಸುವ ಕಾರ್ಬಿಮಜೋಲ್ ಗುಳಿಗೆ ಜೊತೆ ಕೆಲವು ವಾರ ಕಾರ್ನಿಟಿನ್ ಬರೆದುಕೊಟ್ಟರು, ಅವಳಿಗೆ ಒಳ್ಳೆಯದಾಯಿತು. ಅವಳಿಗೆ ಇದು ನಂಬರ್ ಒನ್, ನನಗೆ ಕೊನೆಯ ನಂಬರ್. ಕೊರಿಯಾದಲ್ಲಿ ನನ್ನಂಥ ಥೈರಾಯ್ಡ್ ಕಮ್ಮಿಯವರ ಮೇಲೂ 12 ವಾರ ಪ್ರಯೋಗಿಸಿ ನೋಡಿದ್ದಾರೆ, ಒಟ್ಟು ದಣಿವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ, ಮನಸ್ಸಿನ ದಣಿವು ಒಂದಿಷ್ಟು ಇಳಿಯಿತು. ಮನಸ್ಸಿನ ದಣಿವಿಗೆ ನನಗೆ ರಜೆ ಇದೆ.

ಟೈರೋಸಿನ್ ಕೊಳ್ಳಲಿಲ್ಲ. ಥೈರಾಯ್ಡ್ ಹಾರ್ಮೋನ್ ಆಗುವುದೇ ಟೈರೋಸಿನ್ ಮತ್ತು ಅಯೋಡಿನ್‌ನಿಂದ, ಹಾಗಾಗಿ ಟೈರೋಸಿನ್ ತಿಂದರೆ ಹಾರ್ಮೋನ್ ಹೆಚ್ಚುತ್ತದೆ ಅಂತ ಮಾರುತ್ತಾರೆ. ಹೆಂಚು ಒಡೆದಿರುವಾಗ ಇನ್ನೊಂದು ಸೇರು ಅಕ್ಕಿ ನೆನೆಹಾಕಿದರೆ ದೋಸೆ ಆಗುತ್ತಾ?

ಕ್ರಿಯಾಟಿನ್ ಬಗ್ಗೆ ನನಗೆ ಗೌರವ ಇದೆ. ಜುಲೈನಿಂದ ಹತ್ತು ವಾರ, ದಿನಕ್ಕೆ 3 ಗ್ರಾಂ. 250 ಗ್ರಾಂ ಡಬ್ಬಿ 600 ರೂಪಾಯಿ, ಎರಡೂವರೆ ತಿಂಗಳಿಗಿಂತ ಜಾಸ್ತಿ ಬಂತು, ದಿನಕ್ಕೆ ಏಳು ರೂಪಾಯಿ. ರುಚಿ ಇಲ್ಲ, ವಾಸನೆ ಇಲ್ಲ, ಲೋಟದ ತಳದಲ್ಲಿ ಮರಳಿನ ಹಾಗೆ ಕೂರುತ್ತದೆ, ಅಲ್ಲಾಡಿಸಿ ಕುಡಿಯಬೇಕು. ಆರ್ಜಿನಿನ್, ಗ್ಲೈಸಿನ್, ಮೆಥಿಯೋನಿನ್‌ಗಳಿಂದ ದೇಹ ತಾನೇ ಮಾಡಿಕೊಳ್ಳುತ್ತದೆ, ಉಳಿದದ್ದು ಮಾಂಸ ಮೀನಿನಿಂದ ಬರುತ್ತದೆ, ಹಾಗಾಗಿ ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಸಂಗ್ರಹ ಕಮ್ಮಿ ಇರುತ್ತದೆ. ಪುಡಿ ತಿಂದರೆ ನಮ್ಮಂಥವರಿಗೆ ತುಂಬಿಕೊಳ್ಳಲು ಜಾಗ ಜಾಸ್ತಿ ಅಂತ ಲೆಕ್ಕ. ನಂದಿಗೆ 31 ನಿಮಿಷ, ಮೂರು ಸಲ ಕೂತು. ಆಷಾಢ ಶುಕ್ರವಾರದ ಜಾತ್ರೆಯಂಥ ಜನರ ಮಧ್ಯೆ ಕೂಡ ಒಂದು ಸಲ ಹತ್ತಿದೆ, ಆ ದಿನದ ಟೈಮ್ ಲೆಕ್ಕಕ್ಕಿಲ್ಲ, ತಳ್ಳಿಕೊಂಡೇ ಹೋದದ್ದು.

ಆದರೂ ಎರಡನೇ ಸ್ಥಾನ ಯಾಕೆ ಅಂದರೆ, ಮೊದಲ ಮೂರು ವಾರದಲ್ಲಿ ತೂಕ 1.2 ಕೆಜಿ ಏರಿತು. ಸ್ನಾಯುವಿನಲ್ಲಿ ನೀರು ನಿಲ್ಲುವುದರಿಂದ, ಕೊಬ್ಬಲ್ಲ, ಗೊತ್ತು. ಆದರೆ ಥೈರಾಯ್ಡ್‌ನಿಂದ 9 ಕೆಜಿ ಏರಿ ಒಂದೊಂದೇ ಕೆಜಿ ಇಳಿಸಿದವಳಿಗೆ ತೂಕದ ಮಷೀನಿನ ಮುಳ್ಳು ಮೇಲೆ ಹೋದರೆ ವಿಜ್ಞಾನ ಸಮಾಧಾನ ಕೊಡುವುದಿಲ್ಲ. ಇನ್ನೊಂದು, ರಕ್ತದ ಕ್ರಿಯಾಟಿನಿನ್, ಅಂದರೆ ಕಿಡ್ನಿ ಟೆಸ್ಟಿನಲ್ಲಿ ನೋಡುವ ಅಂಶ, ಸ್ವಲ್ಪ ಮೇಲೆ ತೋರಿಸಿತು. ಪುಡಿಯಿಂದ ಹಾಗೆ ಆಗಬಹುದು, ಥೈರಾಯ್ಡ್ ಕಮ್ಮಿಯಾದರೂ ಆಗಬಹುದು, ಕಿಡ್ನಿ ಕೆಟ್ಟರೂ ಆಗಬಹುದು. ಇನ್ನೊಂದು ಸುಳ್ಳು ರಿಪೋರ್ಟಿನ ಹಿಂದೆ ಓಡುವ ಶಕ್ತಿ ನನಗೆ ಇರಲಿಲ್ಲ. ಈ ಸಲ ಲ್ಯಾಬಿನವರಿಗೂ ಡಾಕ್ಟರಿಗೂ ಮೊದಲೇ ಹೇಳಿದ್ದೆ, ಅದೊಂದು ಬುದ್ಧಿ ಬಂದಿತ್ತು.

ಈಗ ವೇ. ಹಾಲು ಒಡೆದು ಪನೀರ್ ಮಾಡಿದಾಗ ಉಳಿಯುವ ಆ ನೀರೇ, ಅದರ ಪ್ರೋಟೀನ್ ಒಣಗಿಸಿದ ಪುಡಿ. ಒಂದು ಸ್ಕೂಪಿನಲ್ಲಿ 24 ಗ್ರಾಂ ಪ್ರೋಟೀನ್, ಒಂಬತ್ತೂ ಅಮೈನೋ ಆಸಿಡ್‌ಗಳು, ಅದರೊಳಗೇ ಐದು ಗ್ರಾಂ ಚಿಲ್ಲರೆ ಬಿಸಿಎಎ. ನೀಲಿ ನಾಲಿಗೆ ಮಾಡಿಕೊಂಡು ನಾನು ಕುಡಿದಷ್ಟೇ ಬಿಸಿಎಎ ಇಲ್ಲಿ ಬೋನಸ್ಸು.

ನನ್ನ ಲೆಕ್ಕ ಹೀಗಿತ್ತು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಪ್ರಕಾರ ದಿನಕ್ಕೆ ತೂಕದ ಪ್ರತಿ ಕೆಜಿಗೆ 0.83 ಗ್ರಾಂ ಪ್ರೋಟೀನ್ ಬೇಕು. ನಾನು 62 ಕೆಜಿ, ಅಂದರೆ 51 ಗ್ರಾಂ. ಒಂದು ವಾರ ತಿಂದದ್ದೆಲ್ಲ ಬರೆದಿಟ್ಟು ಕೂಡಿಸಿದರೆ ದಿನಕ್ಕೆ 38, 40 ಅಷ್ಟೇ ಬರುತ್ತಿತ್ತು. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ತಿಳಿಸಾರು, ರಾತ್ರಿ ಉಳಿದದ್ದು. ಸ್ನಾಯು ಎಲ್ಲಿಂದ ಬರಬೇಕು? ಅಮ್ಮನ ವಾದ, ಹುರುಳಿಕಾಳು ಇರುವಾಗ ಡಬ್ಬಿ ಯಾಕೆ ಅಂತ. ತೂಕದ ಲೆಕ್ಕದಲ್ಲಿ ಅಮ್ಮ ಹೇಳುವುದು ಸರಿ, 100 ಗ್ರಾಂ ಹುರುಳಿಯಲ್ಲಿ 22 ಗ್ರಾಂ ಪ್ರೋಟೀನ್ ಇದೆ. ಆದರೆ ದಿನಾ 100 ಗ್ರಾಂ ಒಣ ಹುರುಳಿ ಬೇಯಿಸಿ ತಿಂದು ಮಧ್ಯಾಹ್ನ ಐದನೇ ಪೀರಿಯಡ್ ತೆಗೆದುಕೊಳ್ಳಿ ನೋಡೋಣ. ವಾರಕ್ಕೆ ಎರಡು ಸಲ ಹುರುಳಿ ಬಸ್ಸಾರು, ಉಳಿದ ದಿನ ಸ್ಕೂಪು, ಹೀಗೆ ರಾಜಿಯಾಗಿದ್ದೇವೆ.

ವೇಯಲ್ಲೂ ಒಂದು ಎಡವಟ್ಟು ಆಯಿತು, ಮರೆಮಾಚುವುದಿಲ್ಲ. ಮೊದಲು ಬೆಳಿಗ್ಗೆ ಕುಡಿಯುತ್ತಿದ್ದೆ, 5.30ಕ್ಕೆ ಗುಳಿಗೆ, 6.15ಕ್ಕೆ ವೇ. ಎಂಟು ವಾರದಲ್ಲಿ ಟಿಎಸ್‌ಎಚ್ 2.8ರಿಂದ 5.6 ಆಯಿತು. ಹಾಲಿನ ಪದಾರ್ಥದಲ್ಲಿ ಕ್ಯಾಲ್ಸಿಯಂ ಇರುತ್ತದೆ, ಅದು ಹೊಟ್ಟೆಯಲ್ಲಿ ಗುಳಿಗೆಯನ್ನು ಹಿಡಿದುಕೊಂಡು ರಕ್ತಕ್ಕೆ ಹೋಗಲು ಬಿಡುವುದಿಲ್ಲ. ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆ ಎಲ್ಲಕ್ಕೂ ನಾಲ್ಕು ಗಂಟೆ ಅಂತರ ಬೇಕು. ಸೋಯಾ ಕೂಡ ಗುಳಿಗೆಯ ಹತ್ತಿರ ಬರಬಾರದು. ಫಿಲ್ಟರ್ ಕಾಫಿಗೂ ಇದೇ ಕಾಟ, ಗುಳಿಗೆ ನುಂಗಿ ಒಂದು ಗಂಟೆ ಡಿಕಾಕ್ಷನ್ ವಾಸನೆ ಕುಡಿಯುತ್ತಾ ಕೂರುವುದು ಯಾವ ಶತ್ರುವಿಗೂ ಬೇಡ. ವೇಯನ್ನು ಸಂಜೆ 5ಕ್ಕೆ ಹಾಕಿದೆ, ಶಾಲೆಯಿಂದ ಬಂದ ತಕ್ಷಣ. ಮುಂದಿನ ಟೆಸ್ಟಿನಲ್ಲಿ 2.5. ಡೋಸು ಮುಟ್ಟಲೇ ಇಲ್ಲ.

ಸಾದಾ ವೇ ರುಚಿ ಹೇಗೆ ಅಂತ ಕೇಳಿದರೆ, ನೀರಿನಲ್ಲಿ ಹಾಕಿದರೆ ನೆನೆದ ರಟ್ಟು. ಹಾಲಿನಲ್ಲಿ ನೊರೆ. ಬಿಸಿ ಸಾರಿಗೆ ಹಾಕಿ ಒಂದು ಸಲ ಅನುಭವಿಸಿದ್ದೇನೆ, ಒಡೆದ ಹಾಲಿನ ಹಾಗೆ ಗಂಟುಗಂಟಾಗಿ ತೇಲಿತು, ಗಂಡ ಸೌಟಿನಲ್ಲಿ ಎತ್ತಿ ತೋರಿಸಿ "ಇದೇನು ಪನೀರ್ ಸಾರಾ?" ಅಂದರು. ಸರಿಹೋದದ್ದು ಮಜ್ಜಿಗೆ. ಒಂದು ಲೋಟ ತೆಳ್ಳಗಿನ ಮಜ್ಜಿಗೆ, ಉಪ್ಪು, ಜಜ್ಜಿದ ಶುಂಠಿ, ಚಿಟಿಕೆ ಇಂಗು, ಒಂದು ಎಸಳು ಕರಿಬೇವು, ಕೊನೆಗೆ ಸ್ಕೂಪು ಹಾಕಿ ಕಡಗೋಲಿನಲ್ಲಿ ಹತ್ತು ಸಲ ತಿರುಗಿಸಿ. ಶೇಕರ್ ಬಾಟಲಿ ಬೇಡ, ಅದರ ಮುಚ್ಚಳದ ಸಂದಿಯ ವಾಸನೆ ಯಾವ ಜನ್ಮದಲ್ಲೂ ಹೋಗುವುದಿಲ್ಲ.

ಮೊದಲ ವಾರ ಹೊಟ್ಟೆ ಉಬ್ಬರ ಇತ್ತು, ಅರ್ಧ ಸ್ಕೂಪಿನಿಂದ ಶುರುಮಾಡಿದ ಮೇಲೆ ಹೋಯಿತು.

ನಾಲ್ಕು ತಿಂಗಳ ಕೊನೆಗೆ ನಂದಿಗೆ 27 ನಿಮಿಷ, ಒಂದೇ ಸಲ ನಿಂತು. ಈ ನಂಬರನ್ನು ಪೂರ್ತಿ ವೇಯ ಖಾತೆಗೆ ಹಾಕಬೇಡಿ. ಅಷ್ಟು ಹೊತ್ತಿಗೆ ಒಂದು ವರ್ಷದಿಂದ ಬೆಟ್ಟ ಹತ್ತುತ್ತಿದ್ದೆ, ಅಭ್ಯಾಸದ ಪಾಲು ಇದೆ. ಹವೆ ತಂಪಾಗಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಟಿಎಸ್‌ಎಚ್ ಮಾತು ಕೇಳುತ್ತಿತ್ತು. ಡಿಸೆಂಬರ್‌ನಲ್ಲಿ ಇನ್ನೂರನೇ ಮೆಟ್ಟಿಲಿಗೆ ಕೂತವಳಿಗೆ ಗುಳಿಗೆ ತಪ್ಪಿದರೆ ಏನಾಗುತ್ತದೆ ಅಂತ ಗೊತ್ತು, ಅವತ್ತು ಎರಡು ಸ್ಕೂಪು ಬಿಸಿಎಎ ಹೊಟ್ಟೆಯಲ್ಲೇ ಇತ್ತು. ವೇ ಗೆದ್ದದ್ದು ಅದು ಗುಳಿಗೆಯ ಕೆಲಸ ಮಾಡುತ್ತೇನೆ ಅಂತ ಹೇಳದೆ ಸಂಜೆ ಹೊತ್ತು ತನ್ನ ಪಾಡಿಗೆ ತಾನು ಇರುವುದರಿಂದ.

ಖರ್ಚು: 1 ಕೆಜಿಗೆ 2,100 ರೂಪಾಯಿ, ಸುಮಾರು 30 ಸ್ಕೂಪು. ಹುರುಳಿ ದಿನ ಬಿಟ್ಟು ವಾರಕ್ಕೆ ಐದು ಸ್ಕೂಪು ಅಂದರೆ ಒಂದು ಡಬ್ಬಿ ಆರು ವಾರ ಬರುತ್ತದೆ, ತಿಂಗಳಿಗೆ 1,500 ಹತ್ತಿರ. ನನ್ನ ಸಂಬಳಕ್ಕೆ ಇದೇ ಮಿತಿ. ನೀವು ಮೊಟ್ಟೆ ತಿನ್ನುವವರಾದರೆ ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್ ಇದೆ, ನಾಲ್ಕು ಮೊಟ್ಟೆ ನನ್ನ ಸ್ಕೂಪಿಗೆ ಸಮ, ದುಡ್ಡೂ ಕಮ್ಮಿ, ಡಬ್ಬಿಯ ಗೊಡವೆಯೇ ಬೇಡ. ತಿಂಗಳಿಗೆ ಇನ್ನೂರೇ ರೂಪಾಯಿ ಇಡಬಲ್ಲೆ ಅಂದರೆ ಕ್ರಿಯಾಟಿನ್ ತಗೊಳ್ಳಿ, ಕಿಡ್ನಿ ಟೆಸ್ಟ್ ಮೊದಲೇ ಒಂದು ಸಲ ಮಾಡಿಸಿಟ್ಟುಕೊಂಡು. ರಾತ್ರಿ ಊಟ ಬೇಗ ಮುಗಿಸುವವರು ಡಾಕ್ಟರನ್ನು ಕೇಳಿ ಗುಳಿಗೆಯನ್ನೇ ಮಲಗುವ ಹೊತ್ತಿಗೆ ಬದಲಿಸಬಹುದು, ಊಟವಾಗಿ ಮೂರು ಗಂಟೆ ಆಗಿರಬೇಕು ಅಷ್ಟೇ. ಆಗ ಬೆಳಗಿನ ಕಾಫಿ, ಬೆಳಗಿನ ವೇ ಎರಡೂ ನಿಮ್ಮದೇ. ನಮ್ಮ ಮನೆಯಲ್ಲಿ ಒಂಬತ್ತೂವರೆಗೆ ಊಟ, ಹತ್ತಕ್ಕೆ ನಿದ್ದೆ, ನನಗೆ ಆಗದು.

ಹೋದ ವಾರ ಡಬ್ಬಿ ಮುಗಿಯಿತು ಅಂತ ಮತ್ತೆ ಆರ್ಡರ್ ಮಾಡಲು ಕೂತೆ. ಸಾದಾ ವೇ 1 ಕೆಜಿ ಹಾಕಿದ ತಕ್ಷಣ ಕೆಳಗೆ ತಾನಾಗಿಯೇ ಇನ್ನೊಂದು ಸೇರಿಕೊಂಡಿತ್ತು, ಬಯೋಟಿನ್ 60 ಗುಳಿಗೆ, ಉಚಿತ. ತೆಗೆಯಲು ಒತ್ತಿದರೆ "ಆಫರ್ ಕೈತಪ್ಪುತ್ತದೆ, ಖಚಿತವೇ?" ಅಂತ ಕೇಳಿತು. ಹೌದು ಅಂದೆ. ಮತ್ತೆ ಕೇಳಿತು. ಮೂರನೇ ಸಲಕ್ಕೆ ಹೋಯಿತು.